ಸೂರು

ರೋಲಾದಲ್ಲಿ ಬಸ್ಸಿಳಿದು, ಸುರಂಗದಾರಿ ದಾಟಿ
ಹತ್ತು ಗಂಟೆಗೆ ಷಟರ್ ಎತ್ತುತ್ತೇನೆ.
ಒಳಗೆ ತಣ್ಣಗೆ ಮಲಗಿದ ನಲವತ್ತು ಕೀಬೋರ್ಡು
ಒಂದೇ ಸ್ವಿಚ್ಚಿಗೆ ಕಣ್ಣು ಬಿಡುತ್ತವೆ.
ಹೋದ ವರ್ಷದ ಮಾಡೆಲ್ಲಿಗೆ ಈ ವರ್ಷ ಮುಪ್ಪು.
ಬೆಲೆಚೀಟಿಯ ಮೇಲೆ ಕೆಂಪು ಗೀಟು,
ಕೆಳಗೆ ಇನ್ನೊಂದು ಬೆಲೆ, ಅದರ ಮೇಲೂ ಗೀಟು.

ಅಕ್ಟೋಬರಿಗೆ ಬಾಗಿಲ ಮೇಲೊಂದು ಬೋರ್ಡು ಬಂತು: ದಿವಾಳಿ ಆಫರ್.
ಕನ್ನಡ ಬಲ್ಲವನು ಅಂಗಡಿಯಲ್ಲಿ ನಾನೊಬ್ಬನೇ,
ಒಬ್ಬನೇ ನಕ್ಕೆ.
ಏನು? ಅಂದ ಶಿಹಾಬ್. ಬಿಡಿಸಿ ಹೇಳಿದರೆ
ನಗು ಕೆಡುತ್ತದೆ, ಬಿಟ್ಟೆ.

ಮಾರಿದ್ದರಲ್ಲಿ ನೂರಕ್ಕೆ ಎರಡು ನನಗೆ, ಅದನ್ನೂ ಹೇಳಿಬಿಡಬೇಕು.
ಕಂತಿನ ಹೆಡ್‌ಫೋನು ನನ್ನ ಕೊರಳಲ್ಲೂ ತೂಗುತ್ತದೆ,
ಇನ್ನೂ ಏಳು ಕಂತು ಬಾಕಿ.
ಆರು ಜನ ಮಲಗುವ ಕೋಣೆಯಲ್ಲಿ
ಮೌನ ಬೇಕೆಂದರೆ ಕೊಳ್ಳಲೇಬೇಕು.

ಶಹನಾಯಿ ಮಂಚದಡಿ, ಪೆಟ್ಟಿಗೆಯಲ್ಲಿ.
ಊದಿದರೆ ಮೂರು ಮಹಡಿ ಎದ್ದು ಬರುತ್ತದೆ.
ಎ.ಸಿ. ಗಾಳಿಗೆ ಜೊಂಡಿನ ಪೀಪಿ ಸೀಳೀತೆಂದು
ಒದ್ದೆ ಹತ್ತಿ ಇಟ್ಟು ಮುಚ್ಚುತ್ತೇನೆ,
ಜ್ವರದ ಕೂಸಿನ ಹಣೆಗೆ ಇಟ್ಟ ಹಾಗೆ.

ಎರಡು ವರ್ಷದ ಹಿಂದೆ ಅಲ್ ಖೂಸಿನ ಸ್ಟುಡಿಯೊಕ್ಕೆ ಕರೆದರು.
ಗೋಡೆಗೆಲ್ಲ ಸ್ಪಂಜು. ಕೆಮ್ಮಿದರೆ ಕೆಮ್ಮು ಬಾಯಲ್ಲೇ ಉಳಿಯುತ್ತಿತ್ತು.
ಗಾಜಿನಾಚೆ ಫಿರಾಸ್, ಒಳ್ಳೆಯವನು, ಚಹಾ ತರಿಸಿದ.
ಒಂದೊಂದೇ ಸ್ವರ ಸಾಕು ಉಸ್ತಾದ್,
ಮೆಲ್ಲಗೆ ಒಮ್ಮೆ, ಹದವಾಗಿ ಒಮ್ಮೆ, ಜೋರಾಗಿ ಒಮ್ಮೆ.
ಸ್ವರದಿಂದ ಸ್ವರಕ್ಕೆ ಜಾರಬೇಡಿ.
ಜಾರದೆ ಹೇಗೆ ಹೋಗಲಿ ರಿಷಭದಿಂದ ಗಾಂಧಾರಕ್ಕೆ?
ಹೋಗುವುದೇ ಬೇಡ, ಅಂದ. ನಿಂತಲ್ಲೇ ನಿಲ್ಲಿ.
ನಿಂತೆ.
ಒಂಬೈನೂರು ದಿರ್ಹಮ್, ಒಂದು ಸಹಿ.
ಹೊರಡುವಾಗ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ:
ಇಲ್ಲಿ, ಇಗೋ ಇಲ್ಲಿ, ನೀವು ಉಸಿರೆಳೆದ ಸದ್ದು,
ಎಲ್ಲ ತೆಗೆದಿದ್ದೇನೆ. ಈಗ ಚೊಕ್ಕಟ.

ಹುಲಗಪ್ಪ ಕಾಕಾ ನಲವತ್ತು ವರ್ಷ ಸೂರು ಹಿಡಿದವ.
ರಾಗವೆಲ್ಲ ಅಪ್ಪನಿಗೆ, ಕಾಕಾನಿಗೆ ಬರೀ ಷಡ್ಜ,
ಅಕ್ಕಿಕಾಳಿನಿಂದ ಕಡೆಯ ಪಂಕ್ತಿ ಏಳುವತನಕ
ಕೆನ್ನೆ ಉಬ್ಬಿಸಿ ಅದೊಂದೇ.
ಮೂಗಿಂದ ಉಸಿರು ಕದೀಬೇಕ್ಲೇ ಹುಡುಗಾ,
ಕೇಳಾವ್ರಿಗೆ ಸುಳಿವು ಹತ್ತಬಾರದು.
ಹತ್ತಲಿಲ್ಲ. ಅಲ್ಲೊಂದು ಸೂರಿದೆ ಎಂಬುದೇ
ಯಾರಿಗೂ ಗೊತ್ತಿರಲಿಲ್ಲ.
ಇಳಕಲ್ಲಿನ ಒಂದು ಮದುವೆಯಲ್ಲಿ
ಕಾಕಾ ಒಮ್ಮೆ ಕೆಮ್ಮಿದ, ಅಷ್ಟೇ.
ಹಂದರದ ಮಂದಿಯೆಲ್ಲ ತಿರುಗಿ ನೋಡಿದರು,
ಯಾರೋ ಕಂಬ ಕಿತ್ತಂತೆ.

ನಿನ್ನೆ ಸಂಜೆ ಒಬ್ಬ ತಾಯಿ, ಎರಡೂ ಕೈಗೆ ಚೀಲ,
ಶಿಹಾಬನ ಹತ್ತಿರ ಚೌಕಾಸಿಗೆ ನಿಂತಳು.
ಮಗಳಿಗೆ ನಾಲ್ಕೋ ಐದೋ. ಗುಂಡಿ ಒತ್ತುತ್ತ ಒತ್ತುತ್ತ
ಟೋನ್ ಇನ್ನೂರ ಹದಿನಾಲ್ಕಕ್ಕೆ ಬಂದಳು.
ಒಂದು ಬೆರಳು, ಒಂದು ಬಿಳಿ ಮನೆ.
ತಟ್ಟನೆ ಗುರುತು ಸಿಕ್ಕಿತು:
ಅಂದು ನನ್ನ ತುಟಿ ಒಡೆದಿತ್ತು,
ಪಂಚಮದ ಅಂಚಿನಲ್ಲೊಂದು ಕೂದಲೆಳೆಯ ಸೀಳು,
ಫಿರಾಸನ ಕಣ್ಣು ತಪ್ಪಿಸಿ ಉಳಿದುಕೊಂಡಿದೆ.

ಅವಳು ಬೆರಳೆತ್ತಲಿಲ್ಲ.
ತಾಯಿ ಐವತ್ತು ಇಳಿಸಿದಳು, ಶಿಹಾಬ್ ಇಪ್ಪತ್ತು ಏರಿಸಿದ,
ಸ್ವರ ಮುಗಿಯಲಿಲ್ಲ.
ಕೇಬಲ್ ಪುಕ್ಕಟೆ ಕೊಡಿ, ಸ್ಟ್ಯಾಂಡ್ ಕೊಡಿ,
ಮುಗಿಯಲಿಲ್ಲ.
ನನ್ನ ಎದೆ ಬಿಗಿಯಿತು, ಕಣ್ಣ ಮುಂದೆ ಕಪ್ಪು ಚುಕ್ಕೆ.
ಆಗ ತಿಳಿಯಿತು, ನಾನು
ಉಸಿರು ಹಿಡಿದು ನಿಂತಿದ್ದೇನೆ,
ಎಲ್ಲೂ ಕದಿಯದೆ.

ಬಿಲ್ಲಾಗುವಾಗ ಕೈ ತೆಗೆದಳು.
ಯಾರೂ ತಿರುಗಿ ನೋಡಲಿಲ್ಲ.
ಅಡಾಪ್ಟರ್ ಇದರ ಜೊತೆ ಬರುವುದಿಲ್ಲ ಮೇಡಂ, ಅಂದೆ,
ಅದು ಬೇರೆ ಕೊಳ್ಳಬೇಕು.