ಇಸ್ತ್ರಿಯ ಲೆಕ್ಕ

ಅವರ ಮುಖ ಈಗ ಸರಿಯಾಗಿ ನೆನಪಿಲ್ಲ.
ಅಂಗಿಗಳು ನೆನಪಿವೆ.

ಮನಾಮದ ಹೋಟೆಲಿನ ನೆಲಮಾಳಿಗೆ, ಎಪ್ಪತ್ತೊಂಬತ್ತನೇ ಇಸವಿ,
ಬಾಯ್ಲರಿನ ಪಕ್ಕ ನಾನು, ಉಚ್ಚಿಲದ ಚೆಯ್ಯಬ್ಬ.
ರಾತ್ರಿ ಎರಡಕ್ಕೆ ಬರುತ್ತಿದ್ದವು ಐದು ಬಿಳಿ ಅಂಗಿ,
ಆಗಷ್ಟೇ ಎಳೆದ ಬಲೆಯ ಹಾಗೆ ತೊಟ್ಟಿಕ್ಕುತ್ತ.

ಕಾಲರಿಗೆ ಉಪ್ಪಿನ ಗೆರೆ ಇದ್ದದ್ದು ಟ್ರಂಪೆಟ್ಟಿನದು:
ಕಿನ್ನಿಗೋಳಿಯ ಹಿಲರಿ ಮಿನೇಜಸ್,
ಇಗರ್ಜಿಯ ಬ್ಯಾಂಡಿನಲ್ಲಿ ಹೆಣದ ಹಿಂದೆ ಊದುತ್ತ ನಡೆದು
ಉಸಿರು ಕಲಿತವನು.
ಬಲತೋಳು ಮಾತ್ರ ನೆನೆದದ್ದು ಬಾಸಿನ ಕ್ರಿಸಾಂತೊನದು,
ಕುತ್ತಿಗೆ ಸುತ್ತ ಪಟ್ಟಿ ಉಜ್ಜಿದ ಕಪ್ಪು
ಸ್ಯಾಕ್ಸೊಫೋನಿನ ಬೋನಿಫಾಸನದು.
ಕಫಿನಲ್ಲಿ ಸಿಗರೇಟಿನ ತೂತು ಅಬಾದಾನಿನಿಂದ
ಒಂದೇ ಪೆಟ್ಟಿಗೆ ಹಿಡಿದು ದಾಟಿ ಬಂದ ಅರ್ಷಾಕನದು.
ಮುಬಾರಕನ ಅಂಗಿಯನ್ನಂತೂ ಹಿಂಡಬೇಕು.
ಮುಹರ್ರಕ್‌ನವನು; ಅವನಜ್ಜ ಮುತ್ತಿನ ದೋಣಿಯಲ್ಲಿ
ಮಡಕೆ ಬಡಿದು ಹಾಡಿಸುತ್ತಿದ್ದನಂತೆ.
ಮೊಮ್ಮಗ ಡ್ರಮ್ಮನ್ನು ಬಡಿದರೆ
ಯಾರೋ ಕೆಳಗೆ ಮುಳುಗಿದ್ದಾರೆ, ಇನ್ನೂ ಎದ್ದಿಲ್ಲ ಅನಿಸುತ್ತಿತ್ತು.

ನನಗೆ ಸಂಗೀತ ಇಳಿದು ಬರುತ್ತಿದ್ದುದು ಪೈಪಿನಲ್ಲಿ.
ಹಾರ್ಡ್ ಬಾಪ್ ಅಂದರೇನು ಅಂತ ಹಿಲರಿಯನ್ನು ಕೇಳಿದೆ.
ತುಳುವಿನಲ್ಲಿ ಹೇಳಿದ:
ಜಗಳ ಮಾರಾಯ,
ಒಂದೇ ಬಟ್ಟಲಲ್ಲಿ ಉಣ್ಣುವವರದ್ದು.

ಉಪವಾಸದ ತಿಂಗಳು ಬಾರು ಮುಚ್ಚಿತು.
ಐವರೂ ನನ್ನ ಕೋಣೆಗಿಳಿದರು.
ಬಾಸ್ ಲಿಫ್ಟಿಗೆ ಹಿಡಿಸದೆ ಮೆಟ್ಟಿಲಲ್ಲಿ
ಮಯ್ಯತ್ತಿನ ಹಾಗೆ ಹೆಗಲ ಮೇಲೆ ಬಂತು.
ಸದ್ದು ಮೇಲೆ ಹೋಗದಂತೆ ಚಾದರ ನೇತುಹಾಕಿದೆವು.
ಪಿಯಾನೊ ಇಲ್ಲ. ಅರ್ಷಾಕ್ ನನ್ನ ಮೇಜಿನ ಮೇಲೆಯೇ
ಬೆರಳು ಓಡಿಸಿದ, ಬರೀ ಮರದ ಟಕಟಕ.
ಟೇಪ್ ರೆಕಾರ್ಡರ್ ಸಾಬೂನಿನ ಡಬ್ಬದ ಮೇಲೆ ತಿರುಗುತ್ತಿತ್ತು.
ಬೆಳಿಗ್ಗೆಗೆ ನಲವತ್ತು ದಿಂಬಿನ ಚೀಲ ಬಾಕಿ,
ನಾನು ಕೆಲಸ ನಿಲ್ಲಿಸಲಿಲ್ಲ.

ಒಟ್ಟು ಒಂಬತ್ತು ತಿಂಗಳು ಅಷ್ಟೆ.
ಈದ್ ಕಳೆದು ಮೂರು ವಾರಕ್ಕೆ ಮಾಲೀಕ ಡಿಸ್ಕೊ ದೀಪ ತರಿಸಿದ.
ಕಪಾಟಿನಿಂದ ನಾಲ್ಕು ಪಾಸ್‌ಪೋರ್ಟ್ ಹೊರಬಂದವು.
ಐದನೆಯವನು ಊರವನೇ,
ಡ್ರಮ್ಮನ್ನು ಪಿಕಪ್ಪಿಗೆ ಹಾಕಿಕೊಂಡು ಸೇತುವೆ ದಾಟಿ ಮನೆಗೆ ಹೋದ.
ನನ್ನ ಹತ್ತಿರ ಹಿಲರಿಯ ಒಂದು ಗುಂಡಿ ಉಳಿಯಿತು.
ಕ್ಯಾಸೆಟ್ಟಿನ ಪ್ರತಿ, ಪ್ರತಿಯ ಪ್ರತಿ
ಯಾರ್ಯಾರ ಕಿಸೆಯಲ್ಲಿ ಎಲ್ಲೆಲ್ಲಿಗೋ.

ಮೊನ್ನೆ ಶಾರ್ಜಾದಲ್ಲಿ, ಮಗಳ ಮನೆಯ ಕೆಳಗೆ, ಒಂದು ಕಾಫಿಯಂಗಡಿ.
ಇಪ್ಪತ್ತು ದಾಟದ ಮಕ್ಕಳು ಅದನ್ನೇ ನುಡಿಸುತ್ತಿದ್ದರು.
ಎರಡನೇ ಸುತ್ತಿಗೆ ಹುಡುಗಿ ಪಿಯಾನೊ ಮುಚ್ಚಿ
ಮುಚ್ಚಳದ ಮೇಲೆ ಟಕಟಕ ಬೆರಳಾಡಿಸಿದಳು.
ಡ್ರಮ್ಮಿನ ಹುಡುಗ ತಂತಿ ಬ್ರಶ್ಶು ಎಳೆದ: ಸ್ಸ್ಸ್.
ಇನ್ನೊಮ್ಮೆ ಎಳೆದ, ತಾಳ ಬಿಟ್ಟು, ಎಲ್ಲೋ.

ಅದು ಯಾಕಪ್ಪ ಅಲ್ಲಿ, ಕೇಳಿದೆ.
ಮೂಲದಲ್ಲಿ ಹಾಗೇ ಇದೆ ಅಂಕಲ್,
ಎಷ್ಟು ವರ್ಷದಿಂದ ಎಲ್ಲರೂ ಕೂತು ಎಣಿಸಿದ್ದಾರೆ,
ಯಾವಾಗ ಬರುತ್ತದೋ ಲೆಕ್ಕಕ್ಕೇ ಸಿಗುವುದಿಲ್ಲ.

ನಾನು ಚಹಾ ಕುಡಿದೆ.

ದಿಂಬಿನ ಚೀಲದ ಮೂಲೆ ಬಂದಾಗ
ಆವಿ ಬಿಡಬೇಕು, ಮಗನೇ.