ಪಟಿಕದ ಲೆಕ್ಕ

ಕಂಪಾಲಾದ ನೀರುಮನೆಯಲ್ಲಿ ನನ್ನದು ಬೆಳಗಿನ ಪಾಳಿ.
ಆರು ಗಾಜಿನ ಜಾಡಿ, ಆರರಲ್ಲೂ ಸರೋವರದ ನೀರು,
ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕ.
ಯಾವುದು ಮೊದಲು ತಿಳಿಯಾಯಿತೋ
ಅದರ ಲೆಕ್ಕವೇ ಇವತ್ತು ಇಡೀ ಊರಿಗೆ.

ಹಳೆಯ ದಫ್ತರದಲ್ಲಿ ಸೆಂಪಾಲಾ ಮುದುಕನ ಕೈಬರಹ,
ಇರುವೆ ಸಾಲಿನಂಥ ಅಂಕಿ.
ಅವನಿಗೆ ಚಮಚದಲ್ಲಿ ಮುಗಿಯುತ್ತಿದ್ದದ್ದು
ನನಗೆ ಬೊಗಸೆಯಲ್ಲೂ ಸಾಲುತ್ತಿಲ್ಲ.
"ನಾನು ಜಾಣನೇನಲ್ಲ ತಾಯಿ," ನಿವೃತ್ತಿಯ ದಿನ ಅಂದಿದ್ದ,
"ನನ್ನ ಜೊತೆ ಪಾಳಿಯಲ್ಲಿ ಇನ್ನೊಬ್ಬಳಿದ್ದಳು,
ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳು."

ಜೌಗು, ಅವಳು.
ಏಳೆಂಟು ಗುಡ್ಡದ ಕಕ್ಕಸು, ಕಸಾಯಿಖಾನೆಯ ನೆತ್ತರು,
ಗ್ಯಾರೇಜಿನ ಎಣ್ಣೆ, ಮದುವೆಮನೆಯ ಮುಸುರೆ
ಇಳಿದಿಳಿದು ಎಲ್ಲ ಅವಳ ಮಡಿಲಿಗೆ.
ಎರಡಾಳೆತ್ತರದ ಪಪೈರಸ್ಸು ತಲೆಗೆದರಿ ನಿಂತು
ಬೇರಲ್ಲಿ ಸೋಸಿ, ಸೋಸಿ,
ಅಂಚಿಗೆ ಒಂದಿಷ್ಟು ಕೆಸು ಬೆಳೆದುಕೊಂಡು
ಎಮ್ಮಾಂಬ ಮೀನಿಗೆ ಕೆಸರಿನ ಹಾಸಿಗೆ ಹಾಸಿ
ನಿಧಾನ, ಬಲು ನಿಧಾನ
ನೀರನ್ನು ಸರೋವರದ ಕೈಗೆ ಒಪ್ಪಿಸುತ್ತಿದ್ದಳು.
ಸಂಬಳವಿಲ್ಲ, ರಜೆಯಿಲ್ಲ, ಬಿಟ್ಟಿ ಚಾಕರಿ.
ಬಿಟ್ಟಿಯದ್ದಕ್ಕೆ ಯಾರು ಕಟ್ಟುತ್ತಾರೆ ಬೆಲೆ?

ಲಾರಿಗಳು ಬಂದವು ಕೆಮ್ಮಣ್ಣು ಹೊತ್ತು, ರಾತ್ರಿ ಹೊತ್ತು.
ಚಾಪೆ ಹೆಣೆಯುವ ನಕಾಲೆಮಾ
ಕುಡುಗೋಲು ಹಿಡಿದು ಹೋದ ಬೆಳಿಗ್ಗೆ
ಅಲ್ಲಿ ಕಂಬ ನೆಟ್ಟಾಗಿತ್ತು, ತಂತಿ ಬಿಗಿದಾಗಿತ್ತು.
ಈಗ ಬಸ್ ನಿಲ್ದಾಣದಲ್ಲಿ ಪ್ಲಾಸ್ಟಿಕ್ ಚಾಪೆ ಮಾರುತ್ತಾಳೆ,
"ತೊಳೆದರೆ ಸಾಕು, ಹೋಗುತ್ತೆ ಕೊಳೆ!"
ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳಲಿಲ್ಲ.

ಕೇಳುವ ಬಾಯಿ ನನಗೆಲ್ಲಿದೆ.
ಹದಿನಾಲ್ಕು ವರ್ಷ ಕೂಡಿಟ್ಟ ದುಡ್ಡಲ್ಲಿ
ನಾನೂ ಕೊಂಡದ್ದು ಅಲ್ಲೇ, ಅರ್ಧ ಸೈಟು.
ಕೆಮ್ಮಣ್ಣಿನ ಮೇಲೆ ಮೂರು ಕೋಣೆ, ನೀಲಿ ತಗಡಿನ ಸೂರು.
ಪಾದ್ರಿ ಬಂದು ನೀರು ಚಿಮುಕಿಸಿ ಹರಸಿದರು.
ಆ ನೀರಿಗೂ ಪಟಿಕ ಹಾಕಿದವಳು ನಾನೇ.

ಏಪ್ರಿಲ್ಲಿನ ಮಳೆ ಬಾಗಿಲು ತಟ್ಟುವುದಿಲ್ಲ.
ತವರಿಗೆ ಬಂದವಳ ಹಾಗೆ ಸೀದಾ ಒಳಗೆ ನಡೆದು
ಮಂಚದ ಕಾಲ ಬಳಿ ಕೂರುತ್ತದೆ.
ಮಗಳು ನಂತೊಂಗೊ, ಯಾರೂ ಹೇಳಬೇಕಿಲ್ಲ,
ಪುಸ್ತಕದ ಚೀಲ ಎತ್ತಿ ಅಟ್ಟಕ್ಕಿಟ್ಟು
ಅಡುಗೆಮನೆಯಿಂದ ಪಾತ್ರೆ ತಂದು ಮೊಗೆಯತೊಡಗುತ್ತಾಳೆ.

ಮೊನ್ನೆ ಬಚ್ಚಲ ಕಾಂಕ್ರೀಟು ಸೀಳಿಕೊಂಡು
ಒಂದು ಮೊಳಕೆ. ಮೂರು ಮೂಲೆಯ ಹಸಿರು ದಂಟು.
"ಕಿತ್ತು ಹಾಕು, ನೆಲ ಬಿರಿಯುತ್ತೆ" ಅಂದ ಗಂಡ.
ಕೀಳಲೆಂದೇ ಬಗ್ಗಿದವಳು
ಕೈಲಿದ್ದ ಮುಸುರೆಯನ್ನು ಅದರ ಬುಡಕ್ಕೆ ಸುರಿದುಬಿಟ್ಟೆ.
ಕರುಣೆ ಅನ್ನಬೇಡಿ.
ಅವಳ ಮೇಲೇ ಹೇರುವುದು, ಅದೇ ಹಳೇ ಚಾಳಿ.

ಇವತ್ತು ಐದನೆಯ ಜಾಡಿಯೂ ತಿಳಿಯಾಗಲಿಲ್ಲ.
ಆರನೆಯದು, ಅರೆಮನಸ್ಸಿನಿಂದ ಸ್ವಲ್ಪ.
ಏಳನೆಯದೊಂದು ಬೇಕೆಂದು
ಬೇಡಿಕೆ ಪತ್ರ ಬರೆದು ಮೇಜಿನ ಮೇಲಿಟ್ಟೆ.