ಬಂತು

ಅಮ್ಮತ್ತಿಯ ಪಂಚಾಯಿತಿ ಗ್ರಂಥಾಲಯದಲ್ಲಿ
ಶನಿವಾರ ನನ್ನದು ಅಂಟಿನ ಕೆಲಸ.
ಮೈದಾ ಕುದಿಸಿ, ಚಿಟಿಕೆ ಮೈಲುತುತ್ತು ಬೆರೆಸಿ
ಬೆನ್ನು ಮುರಿದ ಪುಸ್ತಕಗಳಿಗೆ ಬಟ್ಟೆ ಕಟ್ಟುವುದು.
ಕಟ್ಟುತ್ತ ಓದುವುದು.

ಹಾಳೆಗಳಲ್ಲಿ ಎಷ್ಟು ಮಕ್ಕಳನ್ನು ಕಂಡೆ ಇಷ್ಟು ವರ್ಷ!
ಒಂದಕ್ಕೂ ಮೂಗು ಸೋರುವುದಿಲ್ಲ.
ಒಂದು ಜ್ವರದಲ್ಲಿ ಸಾಯುತ್ತದೆ, ಕೊನೆಯ ಪುಟಕ್ಕೆ ತುಸು ಮುಂಚೆ,
ಅಪ್ಪ ಕುಡಿತ ಬಿಡಲೆಂದು.
ಇನ್ನೊಂದು ಕೇಳಿದ ಒಂದೇ ಪ್ರಶ್ನೆಗೆ
ಊರ ಹಿರಿಯರೆಲ್ಲ ತಲೆ ತಗ್ಗಿಸುತ್ತಾರೆ.
ಮತ್ತೊಂದು ಸುಮ್ಮನೆ ಕಿಟಕಿಯಲ್ಲಿ ಕೂತಿರುತ್ತದೆ,
ಬರೆಯುವವರಿಗೆ ಬಾಲ್ಯ ನೆನಪಾಗಲಿ ಅಂತ.

ಮೊನ್ನೆ ಲೈನ್‌ಮನೆಯಿಂದ ಮುತ್ತಿ ಬಂದಳು,
ಕರ್ಪಿಯ ಮಗಳು, ಐದನೇ ಕ್ಲಾಸು,
ಉಗುರಿನ ಸಂದಿಯಲ್ಲಿ ಕಾಫಿಹಣ್ಣಿನ ಕಪ್ಪು.
ಒಯ್ದಿದ್ದ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿ
'ಇದರಲ್ಲಿ ತಪ್ಪುಂಟು' ಅಂದಳು.

ಪೆನ್ಸಿಲು, ಪುಟಪುಟಕ್ಕೂ.
'ಮಗು ಬಂತು' ಹೊಡೆದು, ಬಂದಳು.
'ಮಲಗಿತು' ಹೊಡೆದು, ಮಲಗಿದಳು.
'ಬಿಕ್ಕಿ ಬಿಕ್ಕಿ ಅತ್ತಿತು' ಎಂಬಲ್ಲಿ ಮಾತ್ರ
ಒತ್ತಿ ಬರೆದಿದ್ದಳು: ಅಳಲಿಲ್ಲ.

'ಬಸ್ಸು ಬಂತು. ಮಳೆ ಬಂತು. ಆನೆ ಬಂತು.
ನಾನೂ ಬಂತಾ?'

ವ್ಯಾಕರಣ ಹೇಳಲು ಬಾಯಿ ತೆರೆದೆ:
ಮಗು ಎಂಬ ಪದ ನಪುಂಸಕಲಿಂಗ,
ಅದು ಹಾಗೇ ಕಣೇ, ಎಲ್ಲ ಮಕ್ಕಳಿಗೂ.
'ಹೆಸರೂ ಇಡಲಿಲ್ಲ ಅವಳಿಗೆ.
ಎರಡು ದಿನ ತೋಟದಲ್ಲಿ ಕಳೆದುಹೋದಳಂತೆ,
ಒಂದು ಕಿತ್ತಳೆಯನ್ನೂ ಕೀಳಲಿಲ್ಲವಂತೆ.
ಪೆದ್ದಿ.'

ಪುಸ್ತಕದಲ್ಲಿ ಗೀಚಿದರೆ ಐದು ರೂಪಾಯಿ ದಂಡ.
ನಾನೇ ಬರೆದು ನೇತುಹಾಕಿದ ಬೋರ್ಡು.
ಅವಳು ಬೋರ್ಡನ್ನು ಓದಿದಳು, ಆಮೇಲೆ ನನ್ನ ಮುಖವನ್ನು.
ರಬ್ಬರು ಎತ್ತಿಕೊಂಡೆ. ಇಟ್ಟೆ.
ರಟ್ಟಿನ ಮೇಲಿನ ಹೆಸರು ನನ್ನದೆಂದು
ಅವಳಿಗೆ ಗೊತ್ತಿರಲಾರದು.
ಬರೆಯುವಾಗ ನನಗೆ ಇಪ್ಪತ್ತಾರು.
ಆ ತೋಟದಲ್ಲಿ ಮರಗಳಿಗೆಲ್ಲ ಹೆಸರು ಕೊಟ್ಟಿದ್ದೆ,
ಹಲಸು, ನಂದಿ, ಬಳಂಜಿ, ಹಾಲುವಾಣ,
ಬುಡದಲ್ಲಿ ಅಳುತ್ತಿದ್ದದ್ದಕ್ಕೆ ಬಿಟ್ಟು.
ಕಿತ್ತಳೆ? ಇತ್ತು. ಹಣ್ಣಾಗಿತ್ತು ಕೂಡ.
ಬಣ್ಣಿಸಿದ್ದೆ ಅರ್ಧ ಪುಟ.

'ಏನು ಹೆಸರಿಡೋಣ?' ಎಂದು ಕೇಳುವಷ್ಟರಲ್ಲಿ
ರಸ್ತೆಯಲ್ಲಿ ಕೂಗು: ಆನೆ ಬಂತು, ಆನೆ!
ಜೀಪು ನಿಂತಿತು, ಅಂಗಡಿಯ ಶಟರು ಬಿತ್ತು.
ಬಾಗಿಲಿಗೆ ಅಗುಳಿ ಹಾಕಿದೆ.
'ಮರಿಯೂ ಉಂಟು' ಅಂದರು ಯಾರೋ ಹೊರಗೆ.
'ಗಂಡಾ ಹೆಣ್ಣಾ?' ಎನ್ನುತ್ತ
ಮೇಜು ಹತ್ತಿ ಕಿಟಕಿಗೆ ಜಿಗಿದಳು ಮುತ್ತಿ,
ಕಾಲು ತಾಗಿ
ಅಂಟಿನ ಬಟ್ಟಲು ಮಗುಚಿತು.